ಶಾಲಾ ಮಕ್ಕಳ ಉಚಿತ ಪ್ರಯಾಣ: ವೆಚ್ಚ ಯಾರದು, ಬಸ್ಸು ಎಲ್ಲಿ?

‘ಉಚಿತ’ ಎಂಬ ಪದವು ಸರ್ಕಾರದ ಆಯವ್ಯಯ ಭಾಷಣಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ವ್ಯಾಪಾರ ವೃತ್ತಿಯಲ್ಲಿರುವ ನಮಗೆ ಆ ಪದವನ್ನು ಕೇಳಿದೊಡನೆ ಏಳುವ ಪ್ರಶ್ನೆಯೇ ಬೇರೆ. ಪಡೆಯುವವನಿಗೆ ಉಚಿತವಾದದ್ದಕ್ಕೆ ಬೆಲೆ ತೆರುವವರು ಯಾರು? ತೆತ್ತ ಹಣವು ಯಾರ ಕೈ ಸೇರುತ್ತದೆ? ಆ ಕೈ ಅದಕ್ಕೆ ಪ್ರತಿಯಾಗಿ ಏನನ್ನು ಒದಗಿಸಲು ಬದ್ಧವಾಗಿದೆ? ಶಾಲಾ ಮಕ್ಕಳ ಉಚಿತ ಪ್ರಯಾಣವೆಂಬ ವಿಷಯವನ್ನು ಈ ಮೂರು ಪ್ರಶ್ನೆಗಳ ಬೆಳಕಿನಲ್ಲಿ ನೋಡಿದಾಗ, ನಮ್ಮ ಇಳಕಲ್, ಹುನಗುಂದ, ಬಾದಾಮಿ ತಾಲ್ಲೂಕುಗಳ ಒಳಹಳ್ಳಿಗಳಲ್ಲಿ ಟಿಕೆಟು ಉಚಿತವಾಗಿಯೂ ಮಕ್ಕಳು ರಸ್ತೆಯ ಬದಿಯಲ್ಲಿ ನಿಂತೇ ಇರುವುದಕ್ಕೆ ಕಾರಣವೇನೆಂಬುದು ತಿಳಿದುಬರುತ್ತದೆ.

ವಾಣಿಜ್ಯ ಪತ್ರಿಕೆಯಲ್ಲಿ ಶಾಲೆಯ ಮಾತೇಕೆ ಎಂದು ಕೆಲವು ಸದಸ್ಯರು ಕೇಳಬಹುದು. ಇಳಕಲ್ಲಿನ ಆರ್ಥಿಕತೆಯು ಮುಖ್ಯವಾಗಿ ನಿಂತಿರುವುದು ಸೀರೆ ಮತ್ತು ಗ್ರಾನೈಟ್‌ ಎಂಬ ಎರಡು ಕಂಬಗಳ ಮೇಲೆ. ಎರಡೂ ದುಡಿಯುವ ಕೈಗಳನ್ನು ಅವಲಂಬಿಸಿದ ಉದ್ಯಮಗಳು. ನೇಕಾರರ ಮನೆಯಲ್ಲಿ ಮಗ್ಗದ ಮುಂಚಿನ ಕೆಲಸಗಳೆಲ್ಲ, ಅಂದರೆ ನೂಲು ಸುತ್ತುವುದು, ಹಾಸು ಸಿದ್ಧಪಡಿಸುವುದು, ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಸೇರಿಸುವುದು, ಬಹುಪಾಲು ಹೆಣ್ಣುಮಕ್ಕಳ ಕೈಯಲ್ಲಿ ನಡೆಯುತ್ತವೆ. ಮಗಳನ್ನು ಬಸ್ಸಿಗೆ ಹತ್ತಿಸಿ ಬರಲು ತಾಯಿಯು ಬೆಳಿಗ್ಗೆ ಒಂದು ತಾಸು ಹೋದಳೆಂದರೆ ಅಷ್ಟು ಹೊತ್ತು ಆ ಕೆಲಸ ನಿಲ್ಲುತ್ತದೆ; ಬಸ್ಸೇ ಬಾರದಿದ್ದರೆ ಮಗಳೂ ಅದೇ ಕೆಲಸಕ್ಕೆ ಕೂಡುತ್ತಾಳೆ. ಮುಂದಿನ ಪೀಳಿಗೆಯಲ್ಲಿ ಲೆಕ್ಕಪತ್ರ ಬಲ್ಲವರು, ಯಂತ್ರ ಬಲ್ಲವರು, ಹೊರರಾಜ್ಯದ ಗಿರಾಕಿಯೊಡನೆ ವ್ಯವಹರಿಸಬಲ್ಲವರು ನಮಗೆ ಬೇಕಾದರೆ, ಅವರು ಇಂದು ಎಂಟನೆಯ ತರಗತಿಯಲ್ಲಿ ಶಾಲೆ ಬಿಡದಂತೆ ನೋಡಿಕೊಳ್ಳಬೇಕಾಗುತ್ತದೆ.

ದೂರದ ಶಾಲೆಯ ಸಮಸ್ಯೆಗೆ ನಮ್ಮ ಭಾಗವು ಹಿಂದೆ ಕಂಡುಕೊಂಡಿದ್ದ ಪರಿಹಾರ ವಾಹನವಾಗಿರಲಿಲ್ಲ, ವಸತಿಯಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಮಠಗಳೂ ವಿದ್ಯಾವರ್ಧಕ ಸಂಸ್ಥೆಗಳೂ ಹಳ್ಳಿಯ ಹುಡುಗರಿಗೆ ಉಚಿತ ಪ್ರಸಾದ ನಿಲಯಗಳನ್ನು ತೆರೆದವು. ಧಾರವಾಡದ ಮುರುಘಾಮಠದ ನಿಲಯ ಅಂಥದರಲ್ಲಿ ಹೆಸರಾದದ್ದು. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಸ್ಥಾಪನೆಯಾದದ್ದು 1906ರಲ್ಲಿ. ಇಂಥ ಕಾರ್ಯಗಳ ಹಿಂದೆ ವರ್ತಕರ ದೇಣಿಗೆಯೂ ಪೇಟೆಯ ಧರ್ಮಾದಾಯವೂ ಇದ್ದವೆಂಬುದನ್ನು ಹಿರಿಯ ಸದಸ್ಯರು ಬಲ್ಲರು. ಆದರೆ ಆ ವ್ಯವಸ್ಥೆ ಬಹುಮಟ್ಟಿಗೆ ಗಂಡುಮಕ್ಕಳಿಗೆ ಒದಗಿತು. ಹದಿಮೂರು ವರ್ಷದ ಮಗಳನ್ನು ಪರಊರಿನಲ್ಲಿ ಬಿಡಲು ಒಪ್ಪದ ತಂದೆತಾಯಿಗಳಿಗೆ ಬೇಕಾದದ್ದು ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಮರಳುವ ದಾರಿ.

ಕಾನೂನಿನ ಮಾತು

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮವು 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಅದರ ಮೂರನೆಯ ಪ್ರಕರಣವು, ಪ್ರಾಥಮಿಕ ಶಿಕ್ಷಣವನ್ನು ಪೂರೈಸಲು ಅಡ್ಡಿಯಾಗುವಂಥ ಯಾವ ಶುಲ್ಕವನ್ನಾಗಲಿ ವೆಚ್ಚವನ್ನಾಗಲಿ ಮಗು ಭರಿಸಬೇಕಾಗಿಲ್ಲ ಎನ್ನುತ್ತದೆ. ‘ಶುಲ್ಕ’ದ ಜೊತೆಗೆ ‘ವೆಚ್ಚ’ ಎಂಬ ಪದವೂ ಇರುವುದು ಗಮನಾರ್ಹ. ಆರನೆಯ ಪ್ರಕರಣವು ನೆರೆಹೊರೆಯ ಶಾಲೆಯನ್ನು ಸ್ಥಾಪಿಸುವ ಹೊಣೆಯನ್ನು ಸರ್ಕಾರ ಮತ್ತು ಸ್ಥಳೀಯ ಪ್ರಾಧಿಕಾರಗಳ ಮೇಲೆ ಹೊರಿಸಿತು. 2010ರ ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಒಂದರಿಂದ ಐದನೆಯ ತರಗತಿಯವರಿಗೆ 1 ಕಿ.ಮೀ., ಆರರಿಂದ ಎಂಟನೆಯ ತರಗತಿಯವರಿಗೆ 3 ಕಿ.ಮೀ. ನಡಿಗೆಯೊಳಗೆ ಶಾಲೆ ಇರಬೇಕು. ಅಷ್ಟರೊಳಗೆ ಶಾಲೆಯಿಲ್ಲದ ಸಣ್ಣ ಜನವಸತಿಗಳ ಮಕ್ಕಳಿಗೆ ಉಚಿತ ಸಾರಿಗೆ, ವಸತಿ ಮುಂತಾದ ಏರ್ಪಾಡುಗಳನ್ನು ಸರ್ಕಾರವೇ ಮಾಡತಕ್ಕದ್ದು ಎಂದೂ ಅವು ಹೇಳುತ್ತವೆ. ಕರ್ನಾಟಕವು ತನ್ನದೇ ನಿಯಮಗಳನ್ನು 2012ರಲ್ಲಿ ರಚಿಸಿಕೊಂಡಿತು.

ಹಾಗಾದರೆ ತೊಡಕೆಲ್ಲಿ? ಈ ಹಕ್ಕು ಹದಿನಾಲ್ಕನೆಯ ವಯಸ್ಸಿಗೆ, ಎಂಟನೆಯ ತರಗತಿಗೆ ಮುಗಿಯುತ್ತದೆ. ಶಾಲೆಯ ದೂರವು ನಿಜವಾಗಿ ಬೆಳೆಯುವುದು ಅಲ್ಲಿಂದಾಚೆಗೆ. ಕಿರಿಯ ಪ್ರಾಥಮಿಕ ಶಾಲೆ ಬಹುತೇಕ ಊರಿನಲ್ಲೇ ಇರುತ್ತದೆ, ಹಿರಿಯ ಪ್ರಾಥಮಿಕ ಶಾಲೆ ಪಕ್ಕದ ಊರಿನಲ್ಲಿ, ಪ್ರೌಢಶಾಲೆ ಹೋಬಳಿಯಲ್ಲಿ, ಪದವಿಪೂರ್ವ ಕಾಲೇಜು ಇಳಕಲ್ಲಿನಲ್ಲೋ ಹುನಗುಂದದಲ್ಲೋ ಇರುತ್ತದೆ. 2009ರಲ್ಲಿ ಆರಂಭವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನವು ಪ್ರೌಢಶಾಲೆಗೆ 5 ಕಿ.ಮೀ. ದೂರವನ್ನು ಮಾನದಂಡವಾಗಿ ಇರಿಸಿಕೊಂಡಿತ್ತು. ಬೇಸಿಗೆಯ ಬಿಸಿಲಿನಲ್ಲಿ, ನೆರಳಿಲ್ಲದ ಎರೆನೆಲದ ದಾರಿಯಲ್ಲಿ 5 ಕಿ.ಮೀ. ಎಂದರೆ ಏನೆಂಬುದನ್ನು ಆ ಮಾನದಂಡ ಬರೆದವರು ನಡೆದು ನೋಡಿರಲಾರರು.

ನಮ್ಮ ಜಿಲ್ಲೆಗೆ ಇನ್ನೂ ಒಂದು ವಿಶೇಷವಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಹಿನ್ನೀರಿನಿಂದ ಸ್ಥಳಾಂತರಗೊಂಡ ಊರುಗಳು, 2009ರ ಮಲಪ್ರಭಾ ನೆರೆಯ ನಂತರ ‘ಆಸರೆ’ ಯೋಜನೆಯಡಿ ಬೇರೆಡೆ ಕಟ್ಟಿದ ಮನೆಗಳು, ಇವು ನಕಾಶೆಯ ಮೇಲಿನ ದೂರಗಳನ್ನು ಬದಲಿಸಿವೆ. ಮನೆ ಒಂದೆಡೆ, ಹಳೆಯ ಶಾಲೆ ಇನ್ನೊಂದೆಡೆ, ಬಸ್ಸು ನಿಲ್ಲುವ ಸ್ಥಳ ಮತ್ತೊಂದೆಡೆ ಉಳಿದಿರುವಲ್ಲಿ ‘ನೆರೆಹೊರೆ’ ಎಂಬ ಪದಕ್ಕೇ ಅರ್ಥ ಹುಡುಕಬೇಕಾಗುತ್ತದೆ.

ಸೈಕಲ್ಲಿನಿಂದ ಶೂನ್ಯ ಟಿಕೆಟಿನವರೆಗೆ

ಮಕ್ಕಳ ಪ್ರಯಾಣಕ್ಕೆ ಸಾರ್ವಜನಿಕ ಹಣವನ್ನು ಮೂರು ಬಗೆಯಲ್ಲಿ ವ್ಯಯಿಸಬಹುದು: ಮಗುವಿನ ಕೈಗೆ ಕೊಡಬಹುದು, ಟಿಕೆಟಿಗೆ ಕೊಡಬಹುದು, ಅಥವಾ ಬಸ್ಸಿನ ಓಡಾಟಕ್ಕೆ ಕೊಡಬಹುದು. ಕರ್ನಾಟಕವು ಮೊದಲನೆಯ ಎರಡನ್ನು ಧಾರಾಳವಾಗಿ ಮಾಡಿದೆ.

ಮೊದಲ ಬಗೆಗೆ ಸೈಕಲ್ ವಿತರಣೆಯೇ ಉತ್ತಮ ನಿದರ್ಶನ. 2006-07ರಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಎಂಟನೆಯ ತರಗತಿಯ ಬಾಲಕಿಯರಿಗಾಗಿ ಆರಂಭವಾದ ಈ ಯೋಜನೆ ಮರುವರ್ಷ ಬಾಲಕರಿಗೂ ವಿಸ್ತರಿಸಿತು. ಮುಂದೆ ವರ್ಷಕ್ಕೆ ಸುಮಾರು 5 ಲಕ್ಷ ಸೈಕಲ್ಲುಗಳು ವಿತರಣೆಯಾಗುತ್ತಿದ್ದವು. ಬಸ್ ಪಾಸು ಪಡೆದವರಿಗೂ ವಿದ್ಯಾರ್ಥಿನಿಲಯದಲ್ಲಿ ಇರುವವರಿಗೂ ಸೈಕಲ್ ಇರಲಿಲ್ಲ. ಅಂದರೆ ಬಸ್ಸು ತಲುಪದ ಊರಿಗೆ ಸೈಕಲ್ ಎಂಬುದು ಯೋಜನೆಯ ಆಶಯವಾಗಿತ್ತು. ಗುಣಮಟ್ಟದ ಬಗೆಗೆ ದೂರುಗಳು ಬಂದವು, ಬಿಡಿಭಾಗಗಳನ್ನು ಜೋಡಿಸುವಲ್ಲಿ ಲೋಪಗಳಾದವು ಎಂಬುದೆಲ್ಲ ನಿಜ. ಆದರೂ 2020ರ ಕೋವಿಡ್ ಕಾಲದಲ್ಲಿ ವಿತರಣೆ ನಿಂತಾಗ ಅದು ಸದ್ದಿಲ್ಲದೆ ಮರೆಯಾದದ್ದು ವಿಷಾದದ ಸಂಗತಿ. ಬಿಹಾರವು ಅದೇ 2006ರಲ್ಲಿ ಬಾಲಕಿಯರಿಗೆ ಸೈಕಲ್ ಯೋಜನೆಯನ್ನು ಆರಂಭಿಸಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅವರು ಅದನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಬಾಲಕಿಯರ ಪ್ರೌಢಶಾಲಾ ದಾಖಲಾತಿ ಶೇ 32ರಷ್ಟು ಹೆಚ್ಚಿತು. ಬಾಲಕ–ಬಾಲಕಿಯರ ನಡುವಿನ ಅಂತರ ಶೇ 40ರಷ್ಟು ಕಡಿಮೆಯಾಯಿತು. ಪರಿಣಾಮ ಹೆಚ್ಚಾಗಿ ಕಂಡುಬಂದದ್ದು ಪ್ರೌಢಶಾಲೆಯಿಂದ 3 ಕಿ.ಮೀ.ಗಿಂತ ದೂರವಿದ್ದ ಹಳ್ಳಿಗಳಲ್ಲಿ. ದೂರವೇ ಶಾಲೆ ಬಿಡಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಮಗುವಿನ ಕೈಗೆ ಕೊಡುವ ಇನ್ನೊಂದು ಬಾಬ್ತು ಸಾರಿಗೆ ಭತ್ಯೆ. 2018-19ರಲ್ಲಿ ಜಾರಿಗೆ ಬಂದ ಸಮಗ್ರ ಶಿಕ್ಷಣ ಯೋಜನೆಯಡಿ, ಶಾಲೆಯಿಲ್ಲದ ವಿರಳ ಜನವಸತಿಗಳ ಮಕ್ಕಳಿಗೆ ಸಾರಿಗೆ ಅಥವಾ ಬೆಂಗಾವಲಿನ ವೆಚ್ಚವೆಂದು ವರ್ಷಕ್ಕೆ ಗರಿಷ್ಠ 6,000 ರೂಪಾಯಿಯವರೆಗೆ ಕೊಡಲು ಅವಕಾಶವಿದೆ. ಇದರಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ಇದು ತಾನಾಗಿ ಬರುವ ಹಣವಲ್ಲ. ಅರ್ಹ ಜನವಸತಿಗಳನ್ನು ಗುರುತಿಸಿ, ಮಕ್ಕಳ ಪಟ್ಟಿ ಮಾಡಿ, ವಾರ್ಷಿಕ ಯೋಜನೆಯಲ್ಲಿ ಸೇರಿಸಿ, ಕೇಂದ್ರದ ಮಂಜೂರಾತಿ ಪಡೆಯಬೇಕು. ಪಟ್ಟಿಯಲ್ಲಿ ಹೆಸರಿಲ್ಲದ ಊರಿಗೆ ಆ ವರ್ಷ ಏನೂ ಇಲ್ಲ.

ಎರಡನೆಯ ಬಗೆ ಟಿಕೆಟಿನದು. ವಿದ್ಯಾರ್ಥಿ ರಿಯಾಯಿತಿ ಪಾಸು ನಮ್ಮಲ್ಲಿ ಹಳೆಯ ವ್ಯವಸ್ಥೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪ್ರಯಾಣ ಉಚಿತ. ಅವರು ಸಂಸ್ಕರಣ ಶುಲ್ಕ ಮತ್ತಿತರ ಸಣ್ಣ ಮೊತ್ತವನ್ನಷ್ಟೇ ಕೊಡಬೇಕು. 2023-24ರ ದರದಂತೆ ಹತ್ತು ತಿಂಗಳ ಪಾಸಿಗೆ ಪ್ರೌಢಶಾಲಾ ಬಾಲಕರು 750 ರೂ., ಪದವಿಪೂರ್ವ ವಿದ್ಯಾರ್ಥಿಗಳು 1,050 ರೂ. ತೆರಬೇಕಿತ್ತು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 150 ರೂ. ಇತ್ತು. ಪಾಸಿನ ನಿಜ ಮೌಲ್ಯದಲ್ಲಿ ಸರ್ಕಾರ ಶೇ 50, ಸಾರಿಗೆ ನಿಗಮ ಶೇ 25, ವಿದ್ಯಾರ್ಥಿ ಶೇ 25 ಭರಿಸುವುದು ಈ ವ್ಯವಸ್ಥೆಯ ಸೂತ್ರ. ಎಲ್ಲ ವಿದ್ಯಾರ್ಥಿಗಳಿಗೂ ಪಾಸನ್ನು ಪೂರ್ಣ ಉಚಿತ ಮಾಡುವ ಘೋಷಣೆ 2018ರಲ್ಲಿ ಹೊರಬಿದ್ದಿತಾದರೂ, ಚುನಾವಣೆಯ ನಂತರ ಬಂದ ಸರ್ಕಾರದಲ್ಲಿ ನಿಗಮದ ಪಾಲನ್ನು ಯಾರು ಹೊರಬೇಕೆಂಬ ಚರ್ಚೆಯಲ್ಲಿಯೇ ಅದು ಉಳಿಯಿತು. ಈ ಶೇ 25ರ ಪಾಲು ಸಣ್ಣದೆಂದು ತೋರಬಹುದು. ಆದರೆ ಮಾರಿದಷ್ಟೂ ಕಾಲುಭಾಗ ನಷ್ಟವಾಗುವ ಸರಕನ್ನು ಹೆಚ್ಚುಹೆಚ್ಚು ಮಾರಲು ಉತ್ಸಾಹ ತೋರುವ ಅಂಗಡಿಕಾರನನ್ನು ಯಾರಾದರೂ ಕಂಡಿದ್ದೀರಾ?

2023ರ ಫೆಬ್ರುವರಿಯ ಆಯವ್ಯಯದಲ್ಲಿ ‘ಮಕ್ಕಳ ಬಸ್ಸು’ ಎಂಬ ಹೆಸರಿನ ಘೋಷಣೆಯೊಂದು ಬಂದಿತ್ತು. ಶಾಲಾ ವೇಳೆಗೆ ಹೊಂದುವಂತೆ ಹೆಚ್ಚುವರಿ ಬಸ್ಸುಗಳನ್ನು ಓಡಿಸುವ ಆ ಯೋಚನೆಯು ನಾನು ಮೇಲೆ ಹೇಳಿದ ಮೂರನೆಯ ಬಗೆಗೆ ಸೇರಿದ್ದು. ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯು ರಾಜ್ಯದ ಎಲ್ಲ ಮಹಿಳೆಯರಿಗೂ, ಅದರೊಡನೆ ವಿದ್ಯಾರ್ಥಿನಿಯರಿಗೂ, ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣವನ್ನು ಉಚಿತಗೊಳಿಸಿತು. ನಿರ್ವಾಹಕರು ಶೂನ್ಯ ಮೌಲ್ಯದ ಟಿಕೆಟು ಕೊಡುತ್ತಾರೆ. ನಿಗಮವು ಅದರ ನಿಜ ಮೌಲ್ಯವನ್ನು ಸರ್ಕಾರದಿಂದ ಕೇಳಿ ಪಡೆಯುತ್ತದೆ. ಇದಕ್ಕಾಗಿ 2024-25ರ ಆಯವ್ಯಯದಲ್ಲಿ 5,015 ಕೋಟಿ, 2025-26ರಲ್ಲಿ 5,300 ಕೋಟಿ ರೂಪಾಯಿಗಳನ್ನು ಒದಗಿಸಲಾಯಿತು. 2025ರ ಜುಲೈ ಮಧ್ಯದ ಹೊತ್ತಿಗೆ ಇಂಥ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು.

ಹೆಣ್ಣುಮಕ್ಕಳ ಓಡಾಟಕ್ಕೆ ಇದು ತಂದ ಬದಲಾವಣೆಯನ್ನು ಕಡಿಮೆ ಎನ್ನಲಾಗದು. ಪಾಸಿಗಾಗಿ ಅರ್ಜಿ, ಶಾಲೆಯ ಮೊಹರು, ಸರದಿ, ಶುಲ್ಕ ಎಲ್ಲವೂ ಬಾಲಕಿಯರ ಪಾಲಿಗೆ ಒಂದೇ ದಿನ ಇಲ್ಲವಾದವು. ಆದರೆ ಎರಡು ಸಂಗತಿಗಳು ಉಳಿದವು. ಒಂದೇ ಮನೆಯಿಂದ ಒಂದೇ ಶಾಲೆಗೆ ಹೋಗುವ ಅಕ್ಕನಿಗೆ ಟಿಕೆಟು ಶೂನ್ಯ, ತಮ್ಮನಿಗೆ ಪಾಸು. ಇದು ಸಣ್ಣ ವಿಷಯ. ಪಾಸಿನ ಹಣ ಬಹುತೇಕ ಮನೆಗಳು ಹೊಂದಿಸಬಲ್ಲಷ್ಟೇ. ದೊಡ್ಡ ವಿಷಯವೆಂದರೆ, ಟಿಕೆಟಿನ ಮೇಲೆ ಹಣ ಕೊಡುವ ವ್ಯವಸ್ಥೆಯು ಬಸ್ಸು ಈಗಾಗಲೇ ಎಲ್ಲಿ ಓಡುತ್ತಿದೆಯೋ ಅಲ್ಲಿಗೆ ಹಣವನ್ನು ಒಯ್ಯುತ್ತದೆ. ಬಸ್ಸೇ ಇಲ್ಲದ ಊರಿನ ಬಾಲಕಿ ಶೂನ್ಯ ಟಿಕೆಟನ್ನೂ ಪಡೆಯಲಾರಳು. ಆದ್ದರಿಂದ ಅವಳ ಹೆಸರಿನಲ್ಲಿ ನಿಗಮಕ್ಕೆ ಒಂದು ರೂಪಾಯಿಯೂ ಬರುವುದಿಲ್ಲ. ಬಾರದ್ದರಿಂದ ಅಲ್ಲಿಗೆ ಬಸ್ಸು ಬಿಡಲು ನಿಗಮಕ್ಕೆ ಕಾರಣವೂ ಇರುವುದಿಲ್ಲ. ಜೊತೆಗೆ ಮುಖ್ಯರಸ್ತೆಯ ಬಸ್ಸುಗಳಲ್ಲಿ ದಟ್ಟಣೆ ಹೆಚ್ಚಿದಾಗ, ದಾರಿಯ ನಡುವಿನ ನಿಲುಗಡೆಗಳಲ್ಲಿ ಕೈಚೀಲ ಹಿಡಿದು ನಿಂತ ಮಕ್ಕಳನ್ನು ದಾಟಿ ಬಸ್ಸು ಮುಂದೆ ಹೋಗುವುದು ಸಾಮಾನ್ಯವಾಯಿತು.

ಸರ್ಕಾರದಿಂದ ಬರಬೇಕಾದ ಹಣ ತಡವಾದರೆ ನಿಗಮಗಳ ಸ್ಥಿತಿ ಇನ್ನಷ್ಟು ಬಿಗಡಾಯಿಸುತ್ತದೆ. 2025ರ ಜನವರಿಯಲ್ಲಿ ಬಸ್ ದರವನ್ನು ಶೇ 15ರಷ್ಟು ಏರಿಸಲಾಯಿತು. ಅದೇ ತಿಂಗಳು ನಾಲ್ಕು ನಿಗಮಗಳ ಬಾಕಿ ತೀರಿಸಲು 2,000 ಕೋಟಿ ರೂಪಾಯಿ ಸಾಲಕ್ಕೆ ಸಂಪುಟ ಒಪ್ಪಿಗೆ ಕೊಟ್ಟಿತು. ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಧಾರವಾಡ, ಹಾವೇರಿ, ಗದಗ, ಬೆಳಗಾವಿ, ಉತ್ತರ ಕನ್ನಡ, ಬಾಗಲಕೋಟೆ ಈ ಆರು ಜಿಲ್ಲೆಗಳಿಗೆ ಬಸ್ಸು ಓಡಿಸುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ಬೆಂಗಳೂರಿನಂಥ ಲಾಭದ ಮಾರ್ಗಗಳು ಹೆಚ್ಚಿಲ್ಲವೆಂಬುದನ್ನೂ ನೆನೆಯಬೇಕು.

ಇಳಕಲ್ಲಿಗೆ ಇನ್ನೊಂದು ತೊಡಕು ಭೂಗೋಳದ್ದು. ನಮ್ಮ ಊರು ಜಿಲ್ಲೆಯ ಅಂಚಿನಲ್ಲಿದೆ. ಪೂರ್ವ ದಿಕ್ಕಿಗೆ ಲಿಂಗಸುಗೂರು, ದಕ್ಷಿಣಕ್ಕೆ ಕುಷ್ಟಗಿ, ಉತ್ತರಕ್ಕೆ ಮುದ್ದೇಬಿಹಾಳ. ಈ ಮೂರೂ ಕಲಬುರಗಿಯಲ್ಲಿ ಕೇಂದ್ರ ಕಚೇರಿಯಿರುವ ಕಲ್ಯಾಣ ಕರ್ನಾಟಕ ನಿಗಮದ ವ್ಯಾಪ್ತಿಗೆ ಸೇರಿದವು. ಗಡಿಯ ಹಳ್ಳಿಗಳ ಮಕ್ಕಳಿಗೆ ಹತ್ತಿರದ ಪೇಟೆ ಇಳಕಲ್ಲೇ. ಆದರೆ ಅವರ ಬಸ್ಸಿನ ವೇಳೆಯನ್ನು ನಿರ್ಧರಿಸುವವರು ಬೇರೆ ನಿಗಮದವರು. ಎರಡು ನಿಗಮಗಳ ನಡುವೆ ಬೀಳುವ ಹಳ್ಳಿಯನ್ನು ಎರಡೂ ‘ಅವರು ನೋಡಿಕೊಳ್ಳುತ್ತಾರೆ’ ಎಂದು ಬಿಡುವುದು ಸಹಜ.

ಒಂದು ಊರಿನ ಲೆಕ್ಕ

ಲೆಕ್ಕವಿಲ್ಲದೆ ಈ ಮಾತುಗಳು ಬರಿಯ ಅಳಲಾಗುತ್ತವೆ. ಆದ್ದರಿಂದ ಒಂದು ಕಲ್ಪಿತ ಊರನ್ನು ತೆಗೆದುಕೊಳ್ಳೋಣ. ಅದು ಇಳಕಲ್ಲಿನಿಂದ 10 ಕಿ.ಮೀ. ಒಳಗಿದೆ. ಪ್ರೌಢಶಾಲೆಗೂ ಕಾಲೇಜಿಗೂ ಬರುವ ಮಕ್ಕಳು 40. ಅವರಲ್ಲಿ ಅರ್ಧ ಬಾಲಕಿಯರು. ಶಿಕ್ಷಣ ಹಕ್ಕು ಅಧಿನಿಯಮವು ಹಿರಿಯ ಪ್ರಾಥಮಿಕ ಹಂತಕ್ಕೆ ನಿಗದಿಪಡಿಸಿದ ವರ್ಷಕ್ಕೆ 220 ದಿನಗಳನ್ನೇ ಶಾಲಾ ದಿನಗಳೆಂದು ಇಟ್ಟುಕೊಳ್ಳೋಣ. ಬಸ್ಸಿನ ಒಟ್ಟು ವೆಚ್ಚ, ಅಂದರೆ ಡೀಸೆಲ್, ಸಿಬ್ಬಂದಿ, ಟೈರು, ದುರಸ್ತಿ, ಸವಕಳಿ ಎಲ್ಲ ಸೇರಿ, ಕಿ.ಮೀ.ಗೆ 50 ರೂ. ಎಂದು ಭಾವಿಸೋಣ. ಇವು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡ ಅಂಕಿಗಳು. ಸದಸ್ಯರು ತಮಗೆ ತಿಳಿದ ಅಂಕಿಗಳನ್ನು ಇಟ್ಟು ಬೇಕಾದರೆ ಮತ್ತೆ ಮಾಡಿ ನೋಡಬಹುದು.

ಬೆಳಿಗ್ಗೆ ಬಸ್ಸು ಇಳಕಲ್ಲಿನಿಂದ ಖಾಲಿ ಹೋಗಿ ಮಕ್ಕಳನ್ನು ತುಂಬಿಕೊಂಡು ಬರಬೇಕು. ಸಂಜೆ ಅವರನ್ನು ಬಿಟ್ಟು ಖಾಲಿ ಮರಳಬೇಕು. ದಿನಕ್ಕೆ 40 ಕಿ.ಮೀ., ವರ್ಷಕ್ಕೆ 8,800 ಕಿ.ಮೀ., ವೆಚ್ಚ 4,40,000 ರೂ. ಆದಾಯವೆಷ್ಟು? ಒಂದು ದಿಕ್ಕಿನ ದರ 15 ರೂ. ಎಂದು ಹಿಡಿದರೆ, 20 ಬಾಲಕಿಯರ ಶೂನ್ಯ ಟಿಕೆಟಿನ ಬಾಬ್ತು ಸರ್ಕಾರದಿಂದ ವರ್ಷಕ್ಕೆ 1,32,000 ರೂ. ಬಾಲಕರ ಪಾಸಿನಿಂದ ಬರುವುದು ಅದಕ್ಕಿಂತ ಕಡಿಮೆ. ನಲವತ್ತೂ ಮಂದಿ ಬಾಲಕಿಯರೇ ಆಗಿದ್ದರೂ 2,64,000 ರೂ. ಮಾತ್ರ, ವೆಚ್ಚದ ಶೇ 60. ಘಟಕದ ವ್ಯವಸ್ಥಾಪಕರು ಈ ಮಾರ್ಗವನ್ನು ‘ನಷ್ಟದ ಅನುಸೂಚಿ’ ಎಂದು ಬರೆದರೆ ಅವರನ್ನು ದೂರುವಂತಿಲ್ಲ.

ಇದನ್ನೇ ಇನ್ನೊಂದು ರೀತಿಯಲ್ಲಿ ನೋಡಬಹುದು. ಬಸ್ಸೂ ಸಿಬ್ಬಂದಿಯೂ ಹೇಗಿದ್ದರೂ ಇದ್ದಾರೆ, ಹೆಚ್ಚುವರಿ ಬೀಳುವುದು ಡೀಸೆಲ್ ಮಾತ್ರ ಎಂದರೆ, ಲೀಟರಿಗೆ 5 ಕಿ.ಮೀ.ಯಂತೆ ದಿನಕ್ಕೆ 8 ಲೀಟರು, ಲೀಟರಿಗೆ 90 ರೂ.ನಂತೆ 720 ರೂ., ವರ್ಷಕ್ಕೆ 1,58,400 ರೂ. ಆಗುತ್ತದೆ. ಈಗ ಅಂತರ ಬಹಳ ಕಿರಿದಾಯಿತು. ಅಧಿಕಾರಿಗಳೊಡನೆ ಮಾತನಾಡುವಾಗ ನಾವು ಸಾಮಾನ್ಯವಾಗಿ ಹೂಡುವ ವಾದ ಇದೇ. ಆದರೆ ಇದರಲ್ಲಿ ಒಂದು ಲೋಪವಿದೆ. ಬೆಳಿಗ್ಗೆ ಎಂಟೂವರೆಯಿಂದ ಹತ್ತರ ನಡುವೆ ಘಟಕದಲ್ಲಿ ಯಾವ ಬಸ್ಸೂ ಬಿಡುವಾಗಿರುವುದಿಲ್ಲ. ಕಚೇರಿ, ಪೇಟೆ, ಶಾಲೆ ಎಲ್ಲಕ್ಕೂ ಬೇಡಿಕೆ ಆಗಲೇ. ಒಳಹಳ್ಳಿಗೆ ಆ ಹೊತ್ತಿಗೆ ಒಂದು ಬಸ್ಸು ಕಳುಹಿಸಿದರೆ ಬಾಗಲಕೋಟೆಯ ದಾರಿಯಲ್ಲೋ ಕುಷ್ಟಗಿಯ ದಾರಿಯಲ್ಲೋ ಒಂದು ಬಸ್ಸು ಕಡಿಮೆಯಾಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಬೇಕಾದಷ್ಟು ಬಸ್ಸುಗಳಿವೆ. ಆಗ ಮಕ್ಕಳು ತರಗತಿಯಲ್ಲಿರುತ್ತಾರೆ.

ಹಾಗಾದರೆ ದಾರಿಯೇ ಇಲ್ಲವೇ? ಇದೆ, ಅದು ನಮ್ಮ ಭಾಗದವರಿಗೆ ಹಳೆಯದಾಗಿ ಪರಿಚಿತವಾದ ವಸ್ತಿ ಬಸ್ಸು. ರಾತ್ರಿ ಹಳ್ಳಿಯಲ್ಲಿ ತಂಗಿ ಮುಂಜಾನೆ ಪೇಟೆಗೆ ಹೊರಡುವ ಬಸ್ಸಿಗೆ ಖಾಲಿ ಓಡಾಟವಿಲ್ಲ. ಅದೇ ಊರಿಗೆ ದಿನದ ಓಟ 40 ಕಿ.ಮೀ.ಯಿಂದ 20ಕ್ಕೆ ಇಳಿಯುತ್ತದೆ. ವರ್ಷದ ವೆಚ್ಚ 2,20,000 ರೂ. ಸಮಗ್ರ ಶಿಕ್ಷಣದ ಭತ್ಯೆಯ ಗರಿಷ್ಠ ಮಿತಿಯಾದ 6,000 ರೂಪಾಯಿಯನ್ನು 40 ಮಕ್ಕಳಿಗೆ ಲೆಕ್ಕ ಹಾಕಿದರೆ 2,40,000 ರೂ. ಅಂದರೆ ಮೊದಲ ಲೆಕ್ಕದಲ್ಲಿ 2 ಲಕ್ಷ ರೂ. ಕೊರತೆ ಬೀಳುತ್ತಿದ್ದ ಅದೇ ಹಣ ಇಲ್ಲಿ ಸಾಲುತ್ತದೆ. ಪ್ರಯಾಣಿಕರ ಟಿಕೆಟು, ಶಕ್ತಿಯ ಬಾಬ್ತು ಇವನ್ನು ಇನ್ನೂ ಸೇರಿಸಿಲ್ಲ.

ವಸ್ತಿ ಬಸ್ಸುಗಳು ಇಂದು ಮಕ್ಕಳಿಗೆ ಉಪಯೋಗವಾಗದಿರಲು ಕಾರಣ ವೇಳೆ. ಅವು ಬೆಳಿಗ್ಗೆ ಆರರ ಹೊತ್ತಿಗೆ ಹೊರಡುತ್ತವೆ. ಏಕೆಂದರೆ ಅದೇ ಬಸ್ಸು ಪೇಟೆ ತಲುಪಿ ಅಲ್ಲಿಂದ ದೂರದ ಮಾರ್ಗಕ್ಕೆ ಹೋಗಬೇಕು. ಆರಕ್ಕೆ ಹತ್ತಿದ ಮಗು ಆರೂವರೆಗೆ ಇಳಕಲ್ಲಿನಲ್ಲಿ ಇಳಿದು, ಬುತ್ತಿ ಕಟ್ಟಿಕೊಂಡು, ಹತ್ತರವರೆಗೆ ಏನು ಮಾಡಬೇಕು? ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟ ಮೇಲೆ ಏಳು ಗಂಟೆಯ ವಸ್ತಿ ಬಸ್ಸಿಗಾಗಿ ಹೆಣ್ಣುಮಗಳೊಬ್ಬಳು ನಿಲ್ದಾಣದಲ್ಲಿ ಎರಡೂವರೆ ತಾಸು ಕಾಯಬೇಕೆಂದರೆ ಎಷ್ಟು ಪಾಲಕರು ಒಪ್ಪುತ್ತಾರೆ? ಇಲ್ಲಿ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಶಾಲೆಯ ಗಂಟೆಗೂ ಘಟಕದ ಅನುಸೂಚಿಗೂ ನಡುವೆ ಒಂದು ಮಾತುಕತೆ. ಪಟ್ಟಣದ ಪ್ರೌಢಶಾಲೆಗಳೂ ಕಾಲೇಜುಗಳೂ ಎಲ್ಲವೂ ಒಂದೇ ಹೊತ್ತಿಗೆ ಆರಂಭವಾಗುವ ಬದಲು ಕೆಲವು ಎಂಟೂವರೆಗೂ ಕೆಲವು ಹತ್ತಕ್ಕೂ ಆರಂಭವಾದರೆ, ಒಂದೇ ಬಸ್ಸು ಎರಡು ಸುತ್ತು ಬರಬಲ್ಲದು. ಇದಕ್ಕೆ ಆಯವ್ಯಯದ ಅನುಮೋದನೆ ಬೇಕಿಲ್ಲ.

ಬಸ್ಸಿಲ್ಲದಲ್ಲಿ ಏನು ನಡೆಯುತ್ತದೆಂಬುದನ್ನು ನಾವೆಲ್ಲ ದಿನವೂ ನೋಡುತ್ತೇವೆ. ಟಂಟಂ, ಕ್ರೂಸರ್, ಟ್ರ್ಯಾಕ್ಟರಿನ ಟ್ರೇಲರ್, ಕಡೆಗೆ ಗ್ರಾನೈಟ್ ಸಾಗಿಸುವ ಲಾರಿಗೆ ಕೈ ಅಡ್ಡ ಹಿಡಿಯುವುದು. ಇವುಗಳಿಗೆ ಸಾರ್ವಜನಿಕ ಹಣ ಒಂದು ಪೈಸೆಯೂ ಇಲ್ಲ; ಬಡವರು ಪೂರ್ಣ ಬೆಲೆ ತೆತ್ತು ಕೊಳ್ಳುವ ಸಾರಿಗೆ ಇದು. ಸ್ವಂತ ವಾಹನವಿರುವ ಶಾಲೆಗಳ ಮಕ್ಕಳೂ ಸುರಕ್ಷಿತರೆಂದು ತಿಳಿಯುವಂತಿಲ್ಲ. 2024ರ ಜನವರಿ ಕೊನೆಯಲ್ಲಿ ಜಮಖಂಡಿ ತಾಲ್ಲೂಕಿನ ಆಲಗೂರಿನ ಬಳಿ ಶಾಲಾ ವಾಹನಕ್ಕೂ ಟ್ರ್ಯಾಕ್ಟರಿಗೂ ಡಿಕ್ಕಿಯಾಗಿ ನಾಲ್ವರು ವಿದ್ಯಾರ್ಥಿಗಳು ಮೃತಪಟ್ಟದ್ದು ನಮ್ಮ ಜಿಲ್ಲೆಯಲ್ಲಿಯೇ. ರಾತ್ರಿಯ ವೇಳೆ ಹಿಂದೀಪವಿಲ್ಲದೆ ಓಡುವ ಟ್ರ್ಯಾಕ್ಟರುಗಳ ಬಗೆಗೆ, ಅವುಗಳಿಗೆ ಸರಕು ಒಪ್ಪಿಸುವ ನಾವೂ ಸ್ವಲ್ಪ ಯೋಚಿಸಬೇಕು.

ಹೊರಗಿನ ಅನುಭವ ಇಲ್ಲಿ ಸ್ವಲ್ಪ ನೆರವಾಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನವು ಮಕ್ಕಳನ್ನು ಶಾಲೆಗೆ ಒಯ್ಯಲು ಸಾರ್ವಜನಿಕ ಹಣವನ್ನು ವ್ಯಯಿಸಬಹುದೆಂಬ ಕಾನೂನನ್ನು 1869ರಲ್ಲಿಯೇ ಮಾಡಿತು. ಆಗ ವಾಹನವೆಂದರೆ ರೈತರ ಕುದುರೆಗಾಡಿ. ಊರವರು ರೈತನಿಗೆ ಕೊಟ್ಟದ್ದು ಗಾಡಿ ಓಡಿಸಿದ್ದಕ್ಕೆ ಹಣ, ಎಷ್ಟು ಮಕ್ಕಳು ಹತ್ತಿದರೆಂಬುದಕ್ಕಲ್ಲ. ಇಂಗ್ಲೆಂಡಿನಲ್ಲಿ ಎಂಟು ವರ್ಷದೊಳಗಿನ ಮಗುವಿಗೆ 2 ಮೈಲಿ, ಅದಕ್ಕೆ ಮೇಲ್ಪಟ್ಟವರಿಗೆ 3 ಮೈಲಿಗಿಂತ ಹತ್ತಿರದ ಶಾಲೆ ದೂರವಿದ್ದರೆ ಉಚಿತ ಸಾರಿಗೆ ಒದಗಿಸುವುದು ಸ್ಥಳೀಯ ಆಡಳಿತದ ಕರ್ತವ್ಯ. ಎರಡೂ ಕಡೆ ಹಣಕ್ಕೆ ಪ್ರತಿಯಾಗಿ ದೊರೆಯಬೇಕಾದದ್ದು ಟಿಕೆಟಲ್ಲ, ಬಂದು ನಿಲ್ಲುವ ವಾಹನ.

ಖನಿಜ ಪ್ರತಿಷ್ಠಾನದ ಹಣ

ನಮ್ಮ ಸದಸ್ಯರಲ್ಲಿ ಬಹಳ ಮಂದಿಗೆ ತಿಳಿದಿರಲಾರದ ಒಂದು ವಿಷಯವನ್ನು ಹೇಳಬೇಕು. 2015ರಲ್ಲಿ ಗಣಿ ಮತ್ತು ಖನಿಜ ಅಧಿನಿಯಮಕ್ಕೆ ಆದ ತಿದ್ದುಪಡಿಯಂತೆ ಗಣಿಗಾರಿಕೆಯಿರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ರಚನೆಯಾದವು. ಕರ್ನಾಟಕದ ನಿಯಮಗಳು 2016ರವು. ರಾಜಧನದ ಜೊತೆಗೆ ಗುತ್ತಿಗೆದಾರರು ತೆರುವ ವಂತಿಗೆ ಇದಕ್ಕೆ ಸೇರುತ್ತದೆ. ಗ್ರಾನೈಟಿನಂಥ ಉಪಖನಿಜಗಳೂ ಇದಕ್ಕೆ ಹೊರತಲ್ಲ. ಅಂದರೆ ಇಳಕಲ್ಲಿನ ಕೆಂಪು ಕಲ್ಲಿನ ಪ್ರತಿಯೊಂದು ದಿಮ್ಮಿಯ ಹಿಂದೆಯೂ ಈ ನಿಧಿಗೆ ಒಂದಿಷ್ಟು ಹಣ ಸಂದಿದೆ. ಈ ನಿಧಿಯ ವಿನಿಯೋಗಕ್ಕಾಗಿ 2015ರ ಸೆಪ್ಟೆಂಬರಿನಲ್ಲಿ ಹೊರಬಂದ ಪ್ರಧಾನಮಂತ್ರಿ ಖನಿಜ ಕ್ಷೇತ್ರ ಕಲ್ಯಾಣ ಯೋಜನೆಯ ಮಾರ್ಗಸೂಚಿಯಲ್ಲಿ ಶಿಕ್ಷಣವು ಆದ್ಯತಾ ವಲಯ. ಆ ಶೀರ್ಷಿಕೆಯ ಕೆಳಗೆ ಶಾಲಾ ಕೊಠಡಿ, ಶೌಚಾಲಯ, ಪ್ರಯೋಗಾಲಯಗಳ ಸಾಲಿನಲ್ಲಿಯೇ ಬಸ್ಸು, ವ್ಯಾನು, ಸೈಕಲ್ ಮುಂತಾದ ಸಾರಿಗೆ ಏರ್ಪಾಡು ಎಂದು ಸ್ಪಷ್ಟವಾಗಿ ಬರೆದಿದೆ. 2024ರ ಪರಿಷ್ಕೃತ ಮಾರ್ಗಸೂಚಿಯಂತೆ ಆದ್ಯತಾ ವಲಯಗಳಿಗೆ ಕನಿಷ್ಠ ಶೇ 70ರಷ್ಟನ್ನು ವಿನಿಯೋಗಿಸಬೇಕು.

ಈ ಹಣದಿಂದ ಕಟ್ಟಡಗಳೇ ಹೆಚ್ಚಾಗಿ ಏಳುವುದಕ್ಕೆ ಕಾರಣ ಸರಳ. ಕಟ್ಟಡಕ್ಕೆ ಅಂದಾಜುಪತ್ರಿಕೆ, ಗುತ್ತಿಗೆದಾರ, ಉದ್ಘಾಟನೆಯ ಕಲ್ಲು ಇರುತ್ತವೆ. ಪ್ರತಿದಿನ ಎಂಟೂವರೆಗೆ ಬರುವ ಬಸ್ಸಿಗೆ ಉದ್ಘಾಟನೆ ಒಂದೇ ದಿನದ್ದು, ವೆಚ್ಚ ಮಾತ್ರ ನಿತ್ಯದ್ದು. ಕಲ್ಲಿನ ವ್ಯಾಪಾರ ಇಳಿದ ವರ್ಷ ನಿಧಿಯೂ ಇಳಿಯುವುದರಿಂದ ನಿತ್ಯದ ಸಂಬಳ, ಡೀಸೆಲ್ಲಿಗೆ ಇದನ್ನು ನೆಚ್ಚಿಕೊಳ್ಳುವುದು ಜಾಣತನವಲ್ಲವೆಂದು ನಾನೂ ಒಪ್ಪುತ್ತೇನೆ. ಆದರೆ ಬಸ್ಸು ಕೊಳ್ಳುವುದು ಬಂಡವಾಳದ ವೆಚ್ಚ. ಪ್ರತಿಷ್ಠಾನವು ಬಸ್ಸು ಕೊಂಡು ನಿಗಮಕ್ಕೆ ಕೊಡಲಿ. ಅದಕ್ಕೆ ಬದಲಾಗಿ ನಿಗಮವು ಗೊತ್ತುಪಡಿಸಿದ ಊರುಗಳಿಗೆ, ಗೊತ್ತುಪಡಿಸಿದ ವೇಳೆಗೆ, ಇಷ್ಟು ವರ್ಷಗಳ ಕಾಲ ಓಡಿಸುವೆನೆಂದು ಬರೆದುಕೊಡಲಿ. ಶಾಲೆಯ ಹೊತ್ತಿನ ಹೊರಗೆ ಆ ಬಸ್ಸು ನಿಗಮದ ಸಾಮಾನ್ಯ ಗಳಿಕೆಗೆ ಓಡಬಹುದು. ಕರಾರಿನ ಭಾಷೆಯಲ್ಲಿ ವೇಳೆಯನ್ನು ಬರೆಯುವುದೇ ಇಲ್ಲಿ ಮುಖ್ಯ. ವೇಳೆ ಬರೆಯದೆ ಕೊಟ್ಟ ಬಸ್ಸು ಎರಡನೆಯ ತಿಂಗಳಿಗೆ ಹುಬ್ಬಳ್ಳಿಯ ಮಾರ್ಗದಲ್ಲಿ ಕಾಣಿಸಿಕೊಳ್ಳುತ್ತದೆ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣದ ಮಾತನ್ನೂ ಕೆಲವರು ಎತ್ತುತ್ತಾರೆ. 2013ರ ಕಂಪನಿ ಅಧಿನಿಯಮದ ಆ ಕಡ್ಡಾಯವು ವರ್ಷಕ್ಕೆ 5 ಕೋಟಿ ನಿವ್ವಳ ಲಾಭ, 500 ಕೋಟಿ ನಿವ್ವಳ ಸಂಪತ್ತು ಅಥವಾ 1,000 ಕೋಟಿ ವಹಿವಾಟು ಮುಟ್ಟಿದ ಕಂಪನಿಗಳಿಗೆ ಮಾತ್ರ. ಪಾಲುದಾರಿಕೆ ಮತ್ತು ಏಕಮಾಲೀಕತ್ವದಲ್ಲಿ ನಡೆಯುವ ನಮ್ಮ ಬಹುಪಾಲು ಅಂಗಡಿ, ಮಗ್ಗ, ಕಲ್ಲಿನ ಘಟಕಗಳು ಅದರ ಹತ್ತಿರವೂ ಸುಳಿಯುವುದಿಲ್ಲ. ಆದ್ದರಿಂದ ಅದನ್ನು ನಂಬಿ ಕೂಡುವುದು ಬೇಡ. ಶಾಲೆಗಳಿಗೆ ವಾಹನ ಬಾಡಿಗೆಗೆ ಕೊಡುವ ಸದಸ್ಯರು ಮಾತ್ರ ಒಂದು ಅಂಶವನ್ನು ಗಮನಿಸಬೇಕು: ಹೈಯರ್ ಸೆಕೆಂಡರಿ ಹಂತದವರೆಗಿನ ಶಿಕ್ಷಣ ಸಂಸ್ಥೆಗಳಿಗೆ ವಿದ್ಯಾರ್ಥಿಗಳನ್ನು ಸಾಗಿಸುವ ಸೇವೆಗೆ 2017ರ ಅಧಿಸೂಚನೆಯಂತೆ ಸರಕು ಮತ್ತು ಸೇವಾ ತೆರಿಗೆಯ ವಿನಾಯಿತಿ ದೊರೆತಿದೆ. ಬಿಲ್ಲು ಬರೆಯುವಾಗ ತೆರಿಗೆ ಸೇರಿಸಿ ಶಾಲೆಯಿಂದ ವಸೂಲು ಮಾಡುವ ಮೊದಲು ತಮ್ಮ ಲೆಕ್ಕಪರಿಶೋಧಕರನ್ನು ವಿಚಾರಿಸುವುದು ಒಳ್ಳೆಯದು.

ಇನ್ನು ಮನವಿ ಸಲ್ಲಿಸುವ ಕ್ರಮದ ಬಗ್ಗೆ ಒಂದು ಮಾತು. ‘ನಮ್ಮೂರಿಗೆ ಬಸ್ಸು ಬಿಡಿ’ ಎಂಬ ಒಂದು ಸಾಲಿನ ಮನವಿ ಪ್ರತಿ ಘಟಕದ ಕಪಾಟಿನಲ್ಲೂ ನೂರಾರು ಇರುತ್ತವೆ. ಊರಿನ ಹೆಸರು, ಯಾವ ತರಗತಿಗೆ ಎಷ್ಟು ಬಾಲಕ ಬಾಲಕಿಯರು ಎಲ್ಲಿಗೆ ಹೋಗುತ್ತಾರೆ, ಆ ಶಾಲೆಗಳ ಗಂಟೆ ಎಷ್ಟಕ್ಕೆ, ದಾರಿಯಲ್ಲಿ ಸಿಗುವ ಇತರ ಊರುಗಳು, ರಸ್ತೆ ಬಸ್ಸು ತಿರುಗಿಸುವಷ್ಟು ಅಗಲವಿದೆಯೇ, ವಸ್ತಿ ಸಿಬ್ಬಂದಿಗೆ ರಾತ್ರಿ ತಂಗಲು ಪಂಚಾಯಿತಿ ಕೊಠಡಿ ಕೊಡುವುದೇ ಎಂಬಿಷ್ಟನ್ನು ಮುಖ್ಯೋಪಾಧ್ಯಾಯರ ಸಹಿಯೊಡನೆ ಒಂದು ಪುಟದಲ್ಲಿ ಬರೆದುಕೊಟ್ಟರೆ ಅದನ್ನು ತಳ್ಳಿಹಾಕುವುದು ಕಷ್ಟ. ಅದೇ ಪುಟದ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಟ್ಟರೆ ಸಾರಿಗೆ ಭತ್ಯೆಯ ಪಟ್ಟಿಗೂ ಅದು ಆಧಾರವಾಗುತ್ತದೆ. ಕಂದಗಲ್, ಕರಡಿ, ನಂದವಾಡಗಿ, ಗುಡೂರು ಭಾಗಗಳಲ್ಲಿ ವ್ಯವಹಾರವಿರುವ ಸದಸ್ಯರು ಆಯಾ ಊರಿನ ಶಾಲಾಭಿವೃದ್ಧಿ ಸಮಿತಿಗಳಿಗೆ ಈ ಪುಟವನ್ನು ಸಿದ್ಧಪಡಿಸಲು ನೆರವಾಗಬಹುದು. ಶಾಲೆಗಳು ಮೇ ಕೊನೆಯಲ್ಲಿ ಪುನರಾರಂಭವಾಗುವುದರಿಂದ ಈ ಕೆಲಸ ಏಪ್ರಿಲ್ ಒಳಗೆ ಮುಗಿದಿರಬೇಕು. ಜೂನಿನಲ್ಲಿ ಕೊಟ್ಟ ಮನವಿಗೆ ಆ ವರ್ಷದ ಅನುಸೂಚಿಯಲ್ಲಿ ಸ್ಥಳ ಸಿಗುವುದು ಅಪರೂಪ.